ನಲವತ್ತೊಂದನೇ ಶೀಶೆ

ಮಿಂಗೆಲ್ ಕಾರ್ದೋಜ್ ಫೋಂಡಾದ ಲ್ಯಾಬಿಗೆ ಬಂದದ್ದು
ಹಳೇ ಪೇಪರಿನಲ್ಲಿ ಸುತ್ತಿದ ಶೀಶೆ ಹಿಡಿದು,
ಹಸುಗೂಸಿನ ಹಾಗೆ, ಕತ್ತಿನ ಕೆಳಗೆ ಕೈಯಿಟ್ಟು.
ಕುಲುಕಿ ತೋರಿಸಿದ. ಮಣಿಮಣಿಯಾಗಿ ಎದ್ದ ನೊರೆ
ಒಂದು ಗಳಿಗೆ ನಿಂತು ಒಡೆಯಿತು.
‘ಇಷ್ಟು ಸಾಲದೇ ಬಾಯ್? ಫೇಣಿ ಅನ್ನೋದೇ ಇದಕ್ಕಲ್ಲವೇ?’

ಸಾಲದು. ಹಡಗು ಹತ್ತುವ ಮಾಲಿಗೆ
ಮೂಗಿನ ಸಾಕ್ಷಿ ನಡೆಯುವುದಿಲ್ಲ.
ಅಂಗೈಗೆ ಹನಿ ಬಿಟ್ಟು ಉಜ್ಜಿ ನನ್ನ ಮುಖಕ್ಕೆ ಹಿಡಿದ:
ಕಾಲಡಿ ತುಳಿದ ಗೇರುಹಣ್ಣು, ಸೌದೆ ಹೊಗೆ,
ತಾಮ್ರದ ಭಾಣ, ಏಪ್ರಿಲ್ಲಿನ ಕಾಣಕೋಣದ ಗುಡ್ಡ.
ಒಪ್ಪಿದೆ. ಆದರೂ ಸೂಜಿಯಲ್ಲಿ ಒಂದಿಷ್ಟು ಎಳೆದೆ.

ಯಂತ್ರ ವಾಸನೆ ನೋಡುವುದಿಲ್ಲ;
ಸುಟ್ಟು, ಇಂಗಾಲ ತೂಗುತ್ತದೆ.
ಗಾಳಿಯಲ್ಲಿ ಹಗುರದ್ದೂ ಉಂಟು, ಭಾರದ್ದೂ ಉಂಟು.
ಗೇರು ಬಲು ಚೌಕಾಸಿ, ಭಾರದ್ದನ್ನು ಆದಷ್ಟೂ ತಳ್ಳುತ್ತದೆ.
ಕಬ್ಬಿಗೆ ಅಷ್ಟು ಮಡಿ ಇಲ್ಲ, ಬಾಚಿಕೊಳ್ಳುತ್ತದೆ.
ಗೇರು ಮೈನಸ್ ಇಪ್ಪತ್ತೇಳು,
ಕಬ್ಬು ಮೈನಸ್ ಹನ್ನೆರಡು,
ನಲವತ್ತೊಂದನೇ ಶೀಶೆ
ಮೈನಸ್ ಹತ್ತೊಂಬತ್ತೂವರೆ.

ಅರ್ಧಕ್ಕರ್ಧ.
ಟೋಪಿ ತೆಗೆದು ಮೊಣಕಾಲ ಮೇಲಿಟ್ಟ.
‘ಈ ಸಲ ಮಂಜು ಬಡಿದು ಹೂವೇ ಕಪ್ಪಾಯಿತು.
ಅಳಿಯ ಎರಡು ಕ್ಯಾನ್ ತಂದ, ರಾತ್ರಿ, ಘಾಟಿನ ಮೇಲಿಂದ.’
ಸ್ವಲ್ಪ ಹೊತ್ತು ಬಿಟ್ಟು, ನಿಜವಾದ ಕುತೂಹಲದಿಂದ:
‘ಯಾವೂರ ಕಬ್ಬು, ಅದೂ ಹೇಳುತ್ತದೆಯೇ?’

ಇಲ್ಲ, ಅಷ್ಟು ಬಲ್ಲದ್ದಲ್ಲ ಯಂತ್ರ.
ನಾನು ಬಲ್ಲೆ. ಹೇಳಲಿಲ್ಲ.
ಅನಮೋಡ ಘಾಟಿನ ತಿರುವಿನಲ್ಲಿ ಟ್ಯಾಂಕರು ನಿಲ್ಲಿಸಿ,
ಕೊಳವೆ ಬಾಯಿಗಿಟ್ಟು ಎಳೆದು, ಉಗುಳಿ,
ಕ್ಯಾನಿಗೆ ಬಿಡುತ್ತಿದ್ದ ಮುಧೋಳದ ಕ್ಲೀನರ್ ಒಬ್ಬ
ಮನೆಗೆ ಬಂದರೆ ನನ್ನನ್ನು ಎತ್ತಿಕೊಳ್ಳುವ ಮುಂಚೆ
ಬೇವಿನ ಕಡ್ಡಿ ಅಗಿಯುತ್ತಿದ್ದ, ಬಹಳ ಹೊತ್ತು.
ಬಿ.ಎಸ್ಸಿ. ಫೀಸು ಆ ಕ್ಯಾನುಗಳದ್ದೇ.

ವರದಿಯಲ್ಲಿ ‘ಮೂಲ’ ಅನ್ನುವ ಖಾನೆಯಿದೆ.
ಮಿಶ್ರ, ಎಂದು ಬರೆದು ಸಹಿ ಹಾಕಿದೆ.
ಶೀಶೆ ವಾಪಸು ಒಯ್ಯಲಿಲ್ಲ ಅವನು.

ಎಲ್ಲರೂ ಹೋದ ಮೇಲೆ ಜಡೆ ಮುಂದಕ್ಕೆಳೆದು
ಒಂದು ಕೂದಲು ಕಿತ್ತೆ, ಸೊಂಟ ಮುಟ್ಟುವಂಥದ್ದು.
ತವರದ ಪುಟ್ಟ ಬಟ್ಟಲಲ್ಲಿ ಬುಡ,
ಇನ್ನೊಂದರಲ್ಲಿ ತುದಿ.
ಬುಡ ಅಂದಿತು: ಅನ್ನ, ಬಂಗಡೆ, ಸಂಜೆಯ ಪಾವ್.
ತುದಿಯಲ್ಲಿ ಇನ್ನೂ ಅವ್ವ ಬಡಿದ ಜೋಳದ ರೊಟ್ಟಿ.
ಜೋಳವೂ ಕಬ್ಬಿನ ಕುಲದ್ದೇ,
ಬಾಚಿಕೊಳ್ಳುವಂಥದ್ದು.
ನಡುವೆ ಯಾವ ಗೇಣಿನಲ್ಲಿ ಬದಲಾಯಿತೋ,
ಅಷ್ಟು ಸಣ್ಣಗೆ ಕತ್ತರಿಸಿ ನೋಡಲು
ಕೈ ಬರಲಿಲ್ಲ.