ಒಂದು ಕಾಪಿ

ಲಗ್ಗೆರೆಯಲ್ಲಿ, ಪೀಣ್ಯದ ಬಸ್ಸು ತಿರುಗುವ ಮೂಲೆಯಲ್ಲಿ
ಎಂಟಡಿಗೆ ಆರಡಿ ನನ್ನ ಜೆರಾಕ್ಸ್ ಅಂಗಡಿ.
ಮೇ ತಿಂಗಳಲ್ಲಿ ಇಲ್ಲಿಗೆ ಬರುವುದು ಮಕ್ಕಳಲ್ಲ,
ಮಾರ್ಕ್ಸ್ ಕಾರ್ಡುಗಳು.
ಮಕ್ಕಳು ಅವುಗಳ ಹಿಂದೆ ನಿಂತಿರುತ್ತಾರೆ.

ಮುಖ ನೋಡದೆ ಹೇಳಬಲ್ಲೆ.
ಮಡಿಸದೆ ಫೈಲಿನಲ್ಲಿಟ್ಟು ತಂದರೆ ಸೈನ್ಸು, ಹತ್ತು ಕಾಪಿ.
ನಾಲ್ಕು ಮಡಿಕೆ ಮಾಡಿ ಪ್ಯಾಂಟಿನ ಜೇಬಿನಿಂದ ತೆಗೆದರೆ
ಕಾಮರ್ಸು, ಇಲ್ಲ ಡಿಪ್ಲೊಮಾ, ಇಲ್ಲ ಮಾವನ ಗ್ಯಾರೇಜು.
ಅಮ್ಮನೊಬ್ಬಳೇ ಸೆರಗಿನಡಿ ಹಿಡಿದು ಬಂದರೆ
ಗಣಿತ ಹೋಗಿದೆ.

ಈಗ ಮೂರು ಪರೀಕ್ಷೆಯಂತೆ, ಒಂದು ಎರಡು ಮೂರು.
ನಮ್ಮ ಕಾಲಕ್ಕೆ ಒಂದೇ,
ಅದರಲ್ಲಿ ಉಳಿದದ್ದಕ್ಕೆ ಮದುವೆ.
ನನಗೆ ಬಂದದ್ದು ಇಪ್ಪತ್ತೆಂಟು, ಬೇಕಿದ್ದದ್ದು ಮೂವತ್ತೈದು.
ಆ ಏಳು ಈಗಲೂ ಅಡ್ಡ ಬರುತ್ತದೆ,
ಚಿಲ್ಲರೆ ಎಣಿಸುವಾಗ.

ನಿನ್ನೆ ಸಂಜೆ ಟಿ. ಜೀವಿತಾ.
ಆರುನೂರ ಇಪ್ಪತ್ತೈದಕ್ಕೆ ಐನೂರ ಎಂಬತ್ತಮೂರು.
ಕೇಳದೆಯೇ ಹತ್ತು ಹಾಳೆ ಎಣಿಸಿಟ್ಟೆ.
‘ಒಂದೇ ಸಾಕು ಆಂಟಿ. ಐಟಿಐಗೆ. ಎಲೆಕ್ಟ್ರಿಷಿಯನ್.’
ಕನ್ನಡಕ ತೆಗೆದು ನೋಡಿದೆ.
‘ಇಷ್ಟು ಮಾರ್ಕ್ಸ್ ತಗೊಂಡು?’
‘ಎಲ್ಲರೂ ಅದನ್ನೇ ಕೇಳ್ತಾರೆ. ಕಡಿಮೆ ಬಂದಿದ್ರೆ
ಯಾರೂ ಕೇಳ್ತಿರ್ಲಿಲ್ಲ.’

ಮುಚ್ಚಳ ಮುಚ್ಚಿ ಬಟನ್ ಒತ್ತಿದೆ.
ಹಸಿರು ಬೆಳಕು ಅವಳ ಹೆಸರಿನ ಮೇಲೆ ಹರಿಯಿತು,
ತಾಯಿಯ ಹೆಸರಿನ ಮೇಲೆ, ಹುಟ್ಟಿದ ತಾರೀಖಿನ ಮೇಲೆ,
ಅಷ್ಟರಲ್ಲಿ ಕರೆಂಟು.

ಹೊರಗೆ ಬೇಕರಿಯವನು ಬೆಸ್ಕಾಂನ ವಂಶವನ್ನೆಲ್ಲ ನೆನೆದ.
ಮೊಬೈಲ್ ಟಾರ್ಚು ನಾನು ಹಿಡಿದೆ.
ಅವಳು ಸ್ಟೂಲು ಹತ್ತಿ ಮೀಟರ್ ಬೋರ್ಡಿನ ಮುಂದೆ
ದೇವರ ಮನೆಯಲ್ಲಿ ನಿಂತ ಹಾಗೆ ಕೈಕಟ್ಟಿ ನಿಂತಳು,
ಏನನ್ನೂ ಮುಟ್ಟಲಿಲ್ಲ.
‘ನಿಮ್ಮ ಫ್ಯೂಸು ಸರಿಯಾಗೇ ಇದೆ ಆಂಟಿ.
ಹೋಗಿರೋದು ಕಂಬದಲ್ಲಿ.’

ಹದಿನೆಂಟು ವರ್ಷದ ಈ ಅಂಗಡಿಯಲ್ಲಿ,
ಅದಕ್ಕೂ ಮುಂಚಿನ ಮನೆಗಳಲ್ಲಿ,
ಯಾರೂ ನನಗೆ ಹಾಗೆ ಹೇಳಿರಲಿಲ್ಲ.

ಅವಳು ಕಾದು ಕಾದು ಹೋದಳು, ಕಾರ್ಡು ಎದೆಗವಚಿ.
ರಾತ್ರಿ ಮಿಷನ್ನಿನ ಬಾಗಿಲು ತೆಗೆದು
ಸಿಕ್ಕಿಕೊಂಡ ಹಾಳೆ ಎಳೆದೆ.
ಮೇಲೆ ಹೆಸರು. ಕೆಳಗೆ
ಅಂಕಗಳ ಜಾಗವೆಲ್ಲ ಬೆಳ್ಳಗೆ.
ಬಿಸಿ ತಾಗದ ಕಪ್ಪು ಪುಡಿ,
ಮುಟ್ಟಿದರೆ ಬೆರಳಿಗೇ ಬರುತ್ತದೆ.
ಬಿಸಾಡಲು ಮನಸ್ಸಾಗದೆ ಕ್ಯಾಲೆಂಡರಿನ ಹಿಂದೆ ಸಿಕ್ಕಿಸಿದೆ.

ಇವತ್ತು ಬೆಳಿಗ್ಗೆ ಷಟರ್ ಎತ್ತುವ ಮೊದಲೇ ನಿಂತಿದ್ದಳು.
ಒಂದು ಕಾಪಿ. ಎರಡು ರೂಪಾಯಿ.
ಐದರ ನಾಣ್ಯ ಕೊಟ್ಟು ಓಡಿದಳು,
ಅರ್ಜಿಗೆ ಇವತ್ತೇ ಕೊನೆ ದಿನ.
ಮೂರು ರೂಪಾಯಿ ಇನ್ನೂ
ಗಾಜಿನ ಮೇಲೆ ಇದೆ.