ಐವತ್ತು ಹುಳಕ್ಕೆ ಒಂದು ಹೆಕ್ಟೇರ್

ಪರಾನಾದ ಕೆಂಪು ಮಣ್ಣಿನಲ್ಲಿ ಜನವರಿ ಎಂದರೆ
ಸೊಂಟದೆತ್ತರ ಸೋಯಾ, ಮತ್ತೆ ಹುಳ.
ಬೆಳಗಿನ ಜಾವ ಸಾಲಿನಲ್ಲಿ ಸುಮ್ಮನೆ ನಿಂತರೆ
ಕೇಳುತ್ತಿತ್ತು ಸಣ್ಣಗೆ ಕರಕರ,
ಯಾರೋ ನಮ್ಮ ಲೆಕ್ಕದ ಪುಸ್ತಕ ಮೆಲ್ಲುವ ಹಾಗೆ.

ಆ ವರ್ಷ ಸಹಕಾರ ಸಂಘದ ಹುಡುಗ ವಾಲ್ಮಿರ್
ಮೋಟಾರುಬೈಕಿನ ಹಿಂದೆ ಐಸಿನ ಡಬ್ಬಿ ಕಟ್ಟಿಕೊಂಡು ಬಂದ.
‘ದೋನಾ ದೊರಾಲಿಸೆ, ಇದರಲ್ಲೊಂದು ರೋಗ ತಂದಿದ್ದೇನೆ.’
ಅಮ್ಮ ಅಂದಳು, ‘ಇರುವುದೇ ಸಾಕಪ್ಪ, ವಾಪಸ್ಸು ಒಯ್ಯಿ.’
‘ನಿಮಗಲ್ಲ. ಹುಳಕ್ಕೆ.’

ನಾಲ್ಕನೆಯ ದಿನ ಅವು ಮೇಯುವುದು ಬಿಟ್ಟವು.
ಆಮೇಲೆ ಹತ್ತತೊಡಗಿದವು.
ಎಲ್ಲವೂ ಮೇಲಕ್ಕೇ, ಕಾಂಡ ತಬ್ಬಿ, ತುದಿ ಎಲೆಗೆ,
ಗುಡ್ಡದ ಮೇಲೆ ಹರಕೆ ಇದ್ದವರ ಹಾಗೆ.
ಅಲ್ಲಿ ತಲೆಕೆಳಗಾಗಿ ಜೋತವು.
ಹಸಿರು ಹೋಗಿ ಮೊಸರು, ಮೊಸರು ಹೋಗಿ ಮಸಿ.
ಮುಟ್ಟಿದರೆ ತೊಗಲೊಂದೇ, ಒಳಗೆಲ್ಲ ನೀರು;
ಆ ನೀರು ಕೆಳಗಿನೆಲೆಗೆ ತೊಟ್ಟಿಕ್ಕಿ
ಇನ್ನೂ ಹಸಿದವರಿಗೆ ಊಟವಾಯಿತು.

‘ಮಸಿಯಾಗುವ ಮೊದಲೇ ಕೀಳಿ’ ಎಂದಿದ್ದ.
ಕಿಲೋಗಿಷ್ಟು ಕ್ರುಜೇರೋ.
ಹಿಟ್ಟಿನ ಚೀಲದ ಜೋಳಿಗೆ ತೊಟ್ಟು ನಾವು ಸಾಲು ಹಿಡಿದೆವು.
ತೂಕಕ್ಕೆಂದು ತಮ್ಮ ಜೀವವಿದ್ದವನ್ನೂ ತುಂಬಿದ;
ಅವು ಅವನ ಬೆನ್ನು ಹತ್ತಿ ಕತ್ತಿನ ತನಕ ಬಂದು
ಸತ್ಯ ಹೇಳಿದವು.

ಫ್ರೀಜರಿನಲ್ಲಿ ಮೀನು, ಅದರಾಚೆ ಐಸ್‌ಕ್ಯಾಂಡಿ,
ನಡುವೆ ಮಾರ್ಗರಿನ್ ಡಬ್ಬಗಳು.
ಮೇಲೆ ಅಮ್ಮನ ಅಕ್ಷರ: ತಿಂಡಿಯಲ್ಲ.

ಹುಳ ಐವತ್ತು, ನೀರು ಒಂದು ಲೋಟ,
ಅಜ್ಜಿ ಮದುವೆಗೆ ಕೊಟ್ಟ ಮಿಕ್ಸಿ.
ಹಳೆಯ ಪರದೆಬಟ್ಟೆಯಲ್ಲಿ ಸೋಸಿದರೆ
ಒಂದು ಹೆಕ್ಟೇರಿಗೆ ಸಾಕು.

ಅಪ್ಪ ಎದ್ದು ನಿಂತ:
‘ಇನ್ನು ಇದರಲ್ಲಿ ಮಾಡಿದ ಸೀಬೆ ಪಾನಕ ನನಗೆ ಬೇಡ.’
ಹೋದ ವರ್ಷ ಬೆನ್ನಿಗೆ ವಿಷದ ಡ್ರಮ್ಮು ಹೊತ್ತು
ಮೂರು ದಿನ ವಾಂತಿ ಮಾಡಿಕೊಂಡವನು.
ಅಮ್ಮ ಏನೂ ಅನ್ನಲಿಲ್ಲ.
ಮಿಕ್ಸಿ ತೊಳೆದಳು, ಮತ್ತೆ ತೊಳೆದಳು,
ಸೀಬೆ ಹಾಕಿ ತಿರುವಿ ನಿಂತಲ್ಲೇ ಗಟಗಟ ಕುಡಿದಳು.
ತುಟಿಯ ಮೇಲಿನ ಗುಲಾಬಿ ನೊರೆ ಒರೆಸದೆ
ಅವನನ್ನೇ ನೋಡಿದಳು.

ಆ ಬೇಸಿಗೆ ಕಣಜದ ಹುಳು ಹೊಲಕ್ಕೆ ಮರಳಿದವು.
ತಮ್ಮನಿಗೆ ಎರಡು ಸಲ ಕಚ್ಚಿದವು.

ಈಗ ಹೊಲ ಬೇರೆಯವರದು.
ಫ್ರೀಜರಿನಲ್ಲಿ ಕೋಳಿ ಕಾವು ಕೂರುತ್ತದೆ.
ಮೊನ್ನೆ ಬೇಲಿ ಪಕ್ಕ ಹೋಗುವಾಗ
ತುದಿ ಎಲೆಯಲ್ಲೊಂದು ಜೋತಿತ್ತು, ಮೊಸರುಬಣ್ಣ.
ಯಾರೂ ಏನೂ ಸಿಂಪಡಿಸಿರಲಿಲ್ಲ; ಕೇಳಿಕೊಂಡು ಬಂದೆ.
ಕೈ ತಾನಾಗಿ ಹೋಯಿತು.
ಜೋಳಿಗೆ ಇರಲಿಲ್ಲ,
ಕರವಸ್ತ್ರದಲ್ಲಿ ಕಟ್ಟಿಕೊಂಡೆ.