ಮಂಗಳವಾರದ ಪಟ್ಟಿ

ಕೋರ್ಟಿನ ನೆಲಮಾಳಿಗೆ. ಬಾಯ್ಲರಿನ ಗೋಡೆಗೆ ಒರಗಿಕೊಂಡ ಕಚೇರಿ.
ಕೊಲೆ, ದರೋಡೆ, ಬೆಂಕಿ ಇಟ್ಟವರು ಎಲ್ಲ ಮೇಲಿನ ಮಹಡಿಗೆ.
ನನ್ನ ಪಾಲಿಗೆ ಹಾಲಿನ ದುಡ್ಡು, ಹಲ್ಲಿನ ತಂತಿ,
ಚಳಿಗಾಲದ ಕೋಟು,
ಕೊಡುತ್ತೇನೆಂದು ಸಹಿ ಹಾಕಿ ಕೊಡದೆ ಉಳಿದ ತಿಂಗಳುಗಳು.

ಹನ್ನೆರಡು ವರ್ಷವಾಯಿತು.
ಕೆನ್ನೆಯೊಳಗೆ ಹತ್ತಿಯ ಕಡ್ಡಿ ಆಡಿಸಿ
ತಂದೆ ಯಾರೆಂದು ಖಚಿತವಾಗಿ ಹೇಳಬಲ್ಲೆ.
ಆಮೇಲಿನದಕ್ಕೆ ಕಡ್ಡಿ ಇಲ್ಲ.

ಬಾಗಿಲಲ್ಲೇ ಒಂದು ಮಾತು ಹೇಳಿಬಿಡಬೇಕು, ಅದು ನಿಯಮ:
ನೋಡಿ ಅಮ್ಮಾ, ನಾನು ನಿಮ್ಮ ವಕೀಲೆಯಲ್ಲ.
ನೀವೂ ಕೇಳಿ, ನಿಮ್ಮವಳೂ ಅಲ್ಲ.
ಮತ್ತೆ ಯಾರ ಪರ ಎನ್ನುತ್ತಾರೆ.
ರಾಜ್ಯದ ಪರ ಎನ್ನುತ್ತೇನೆ.
ರಾಜ್ಯಕ್ಕೆ ಮಕ್ಕಳಿದ್ದಾರೆಯೇ ಎಂದು ಕೇಳಿದವನೊಬ್ಬನಿದ್ದ.
ಅವನದೂ ಐದು ವರ್ಷದ ಬಾಕಿ.

ಇವತ್ತು ಹದಿನಾಲ್ಕು ಕೇಸು. ಒಂಬತ್ತನೆಯದು
ವೇಡ್ ಕಾರ್ವೊನೆನ್, ಮೂವತ್ತಮೂರು,
ಸುಪೀರಿಯರ್ ಸರೋವರದ ದಂಡೆಯವ.
ತಾಮ್ರದ ಗಣಿ ಇವನ ಅಜ್ಜನ ಕಾಲಕ್ಕೇ ಬಾಯಿ ಮುಚ್ಚಿತ್ತು,
ಕಾಗದದ ಕಾರ್ಖಾನೆ ಇವನ ಕಣ್ಣೆದುರೇ.
ಉಳಿದದ್ದು ಒಂದು ಟ್ರಕ್ಕು, ಅದರ ಮೂತಿಗೆ ಹಿಮ ತಳ್ಳುವ ಅಲಗು.
ಬಾಕಿ: ಹನ್ನೊಂದು ಸಾವಿರದ ನಾನೂರ ಆರು ಡಾಲರು.
ಟೊಪ್ಪಿಗೆಯನ್ನು ತೊಡೆಯ ಮೇಲಿಟ್ಟು ಅದನ್ನೇ ನೋಡುತ್ತಾನೆ,
ಉತ್ತರವನ್ನು ಯಾರೋ ಅದರೊಳಗೆ ಹೊಲಿದಿಟ್ಟಂತೆ.

ನನ್ನ ಕೈಯಲ್ಲಿ ಅರ್ಜಿ ಸಿದ್ಧವಿತ್ತು. ಲೈಸೆನ್ಸು ಅಮಾನತು:
ಗಾಡಿಯದು, ಜಿಂಕೆ ಬೇಟೆಯದು, ಮೀನಿನದು.
ಕೆಚ್ಚಲಿಗೆ ಗಂಟು ಹಾಕಿ ಹಾಲು ಕರೆ ಎಂದಂತೆ.
ಆದರೂ ಕೆಲವರಿಗೆ ನಾಟುತ್ತದೆ, ಸುಳ್ಳು ಹೇಳಲಾರೆ;
ದೋಣಿ ಇಟ್ಟುಕೊಂಡವನೊಬ್ಬ ಮರುದಿನವೇ ಚೆಕ್ಕು ತಂದಿದ್ದ.

ನ್ಯಾಯಾಧೀಶ ಟ್ರುಡೆಲ್ ಕೇಳಿದರು: ಬೇರೇನಾದರೂ ಕೊಟ್ಟಿದ್ದಾನೆಯೇ?
ಮರ್ನಾ ಎದ್ದಳು. ಆಸ್ಪತ್ರೆಯ ಅಡಿಗೆಮನೆಯ ಅಂಗಿಯಲ್ಲೇ ಬಂದಿದ್ದಳು.
"ನವೆಂಬರಿನಲ್ಲಿ ಅರ್ಧ ಜಿಂಕೆ. ಕತ್ತರಿಸಿ, ಕಾಗದ ಸುತ್ತಿ.
ಹಿಮ ಬಿದ್ದ ರಾತ್ರಿ, ಬೆಳಗಿನ ಜಾವ ನಾಲ್ಕಕ್ಕೆ,
ನನ್ನ ಮನೆಯ ದಾರಿ ಬಿಡಿಸಿ ಹೋಗುತ್ತಾನೆ.
ನಾನು ಕೇಳಿಲ್ಲ.
ಹಳದಿ ದೀಪ ಗೋಡೆಯ ಮೇಲೆ ತಿರುಗುವಾಗ
ಈನೊ ಎದ್ದು ಕಿಟಕಿಗೆ ಹೋಗುತ್ತಾನೆ."

ನಾನು ಎದ್ದು ಹೇಳಬೇಕಾದ್ದನ್ನು ಹೇಳಿದೆ.
ಮಾಂಸವಾಗಲಿ ಹಿಮವಾಗಲಿ ಪಾವತಿಯಲ್ಲ, ಉಡುಗೊರೆ;
ಲೆಕ್ಕದಲ್ಲಿ ಅದಕ್ಕೆ ಅಂಕಣವಿಲ್ಲ.
ಆಮೇಲೆ, ಯಾಕೋ, ಅರ್ಜಿಯನ್ನು ಕಡತದ ತಳಕ್ಕೆ ಸರಿಸಿ
ವಾಯಿದೆ ಕೇಳಿದೆ. ಎಲ್ಲಿಯವರೆಗೆ?
ಹಿಮ ನಿಲ್ಲುವವರೆಗೆ ಎಂದೆ.
ಟ್ರುಡೆಲ್ ಕನ್ನಡಕ ತೆಗೆದರು:
ಈ ಊರಿನಲ್ಲಿ ಅಂದರೆ ಮೇ ತಿಂಗಳು, ವಕೀಲರೇ.

ಒಳ್ಳೆಯದನ್ನೇ ಮಾಡಿದೆನೆಂದುಕೊಂಡು ಮೆಟ್ಟಿಲಿಳಿದೆ.
ಕಾಫಿ ಯಂತ್ರದ ಬಳಿ ಮರ್ನಾ ಕಾದಿದ್ದಳು.
"ನೀವು ತೋರಿಸಿದ ದಯೆಯ ದುಡ್ಡು ನನ್ನ ಪರ್ಸಿನದು.
ಈನೊನ ಪಾದಕ್ಕೂ ಒಂದು ವಾಯಿದೆ ಕೊಡಿಸಿ,
ಮೇ ತನಕ ಬೆಳೆಯಬೇಡ ಅಂತ.
ಬೂಟಿನ ಮೂತಿ ಕತ್ತರಿಸಿದ್ದೇನೆ.
ಒಳಗೆ ಬ್ರೆಡ್ಡಿನ ಚೀಲ ತೊಡಿಸಿ ಕಳಿಸುತ್ತೇನೆ, ಶಾಲೆಗೆ."

ನಾನು ನಿಮ್ಮ ವಕೀಲೆಯಲ್ಲ ಎಂಬ ಮಾತು
ನಾಲಿಗೆಯ ತುದಿಗೆ ಬಂದು ನಿಂತಿತು.
ಯಂತ್ರ ಅವಳ ನಾಣ್ಯ ನುಂಗಿತ್ತು. ಇಬ್ಬರೂ ಅದನ್ನು ತಟ್ಟಿದೆವು.

ಬುಧವಾರ ಹಿಮ. ಗುರುವಾರ ಹಿಮ.
ಶುಕ್ರವಾರ ಪರದೆಯ ಮೇಲೆ ನಲವತ್ತು ಡಾಲರು ಜಮೆ.
ಬಾಕಿ: ಹನ್ನೊಂದು ಸಾವಿರದ ಮುನ್ನೂರ ಅರವತ್ತಾರು.
ಮಾಡಬೇಕಾದ್ದಲ್ಲ, ಆದರೂ ಫೋನು ಮಾಡಿದೆ.
"ನಲವತ್ತಕ್ಕೆ ಯಾವ ಬೂಟು ಬರುತ್ತದೆ?" ಎಂದಳು.
ಹಳೆ ರೈಲು ನಿಲ್ದಾಣದ ಎದುರಿನ ಅಂಗಡಿ ಎಂದೆ,
ಒಳಗೆ ಎಡಕ್ಕೆ, ಕೆಳಗಿನ ಗೂಡು, ಯಾರೋ ಒಂದೇ ಚಳಿಗಾಲ ತೊಟ್ಟವು,
ಉಣ್ಣೆ ಇನ್ನೂ ಚೆನ್ನಾಗಿದೆ.
ಒಂದು ಅಳತೆ ದೊಡ್ಡದೇ ಕೊಳ್ಳಿ.

ಇದು ಕಾನೂನು ಸಲಹೆಯಲ್ಲ ಎಂದೂ ಹೇಳಿದೆ.
ಅವಳು ಬರೆದುಕೊಳ್ಳುತ್ತಿದ್ದಳು.